ಅಲೆ ಬರುವ ಮೊದಲೇ ಎದ್ದವಳು

ನನಗೊಂದು ಚಟ ಹತ್ತಿದೆ. ಐವತ್ತರ ಹೊಸ್ತಿಲಲ್ಲಿರುವ, ಮುಂಬಯಿ ಪಕ್ಕದ ಡೋಂಬಿವಲಿಯ ಹೆಂಗಸೊಬ್ಬಳು ಹೀಗೆಂದರೆ ನೀವು ಟಿ.ವಿ. ಧಾರಾವಾಹಿ ಇರಬೇಕು, ಸೀರೆ ಇರಬೇಕು, ಹೆಚ್ಚೆಂದರೆ ನಶ್ಯ ಇರಬೇಕು ಎಂದುಕೊಳ್ಳುತ್ತೀರಿ. ಮೂರೂ ಅಲ್ಲ. ಉದ್ದನೆಯ ಹಲಗೆಯ ಮೇಲೆ ಬೋರಲು ಮಲಗಿ, ಸಮುದ್ರದ ಅಲೆ ಬಂದಾಗ ಎದ್ದು ನಿಂತು, ಅದರ ಜೊತೆಗೇ ದಡದವರೆಗೆ ಜಾರಿ ಬರುವ ಚಟ. ಸರ್ಫಿಂಗ್ ಎನ್ನುತ್ತಾರೆ. ಎದ್ದು ನಿಂತು ಜಾರಿ ಬರುವುದು ಕಲಿತವರ ಮಾತಾಯಿತು. ನನ್ನ ಮಟ್ಟಿಗೆ ಅದು ಬಹುಕಾಲ ಏಳುವುದು, ಬೀಳುವುದು, ಉಪ್ಪುನೀರು ಕುಡಿಯುವುದು, ಕಿವಿಯ ಮರಳನ್ನು ಡೋಂಬಿವಲಿಯವರೆಗೆ ಹೊತ್ತು ತರುವುದು ಅಷ್ಟೇ ಆಗಿತ್ತು. ನಗು ಬಂದರೆ ನಕ್ಕುಬಿಡಿ. ನಮ್ಮ ಮನೆಯವರು ನಕ್ಕು ಮುಗಿಸಿದ್ದಾರೆ, ಬಿಲ್ಡಿಂಗಿನವರು ಇನ್ನೂ ನಗುತ್ತಿದ್ದಾರೆ, ನಾನಂತೂ ಬಿಟ್ಟಿಲ್ಲ.

ಹತ್ತಿದ್ದು ಮೂಲ್ಕಿಯಲ್ಲಿ. ಯಾರದೋ ಗೃಹಪ್ರವೇಶಕ್ಕೆ ಹೋದವಳು ಊಟವಾದ ಮೇಲೆ ಕಡಲ ಬದಿಗೆ ತಿರುಗಾಡಲು ಹೋದೆ. ಅಲ್ಲಿ ಕೆಲವರು ಹಲಗೆ ಹಿಡಿದು ನೀರಿಗಿಳಿಯುತ್ತಿದ್ದರು. ಕಲಿಸುವಾತ ಸುಧಾಕರ, ಮೂವತ್ತರ ಆಸುಪಾಸಿನವ, ನನ್ನನ್ನು ನೋಡಿ ‘ಬರ್ತೀರಾ ಅಕ್ಕ?’ ಎಂದ. ಸುಮ್ಮನೆ ತಮಾಷೆಗೆ ಕೇಳಿದ್ದ. ನಾನು ಮರುದಿನ ಬೆಳಿಗ್ಗೆ ಅಕ್ಕನ ಮಗಳ ಸಲ್ವಾರ್ ಹಾಕಿಕೊಂಡು ಹಾಜರಾದೆ. ಹಲಗೆಯ ಮೇಲೆ ಮಲಗಿಸಿ, ಒಂದು ನೊರೆ ಅಲೆ ನೋಡಿ ಹಿಂದಿನಿಂದ ದೂಡಿಬಿಟ್ಟ. ಅಷ್ಟೇ. ನಾನು ಏನೂ ಮಾಡಲಿಲ್ಲ, ಹಲಗೆಯನ್ನು ತಬ್ಬಿಕೊಂಡು ಬಾಯಿ ತೆರೆದುಕೊಂಡಿದ್ದೆ. ಆದರೂ ದಡ ಮುಟ್ಟುವಷ್ಟರಲ್ಲಿ ನನ್ನೊಳಗೆ ಏನೋ ಒಂದು ಬಿಚ್ಚಿಕೊಂಡಿತ್ತು. ನನ್ನನ್ನು ಯಾರಾದರೂ ಹೀಗೆ ಎತ್ತಿಕೊಂಡು ಓಡಿ ಎಷ್ಟು ವರ್ಷವಾಗಿತ್ತೋ! ಗಟ್ಟಿಯಾಗಿ ನಕ್ಕೆ, ‘ಇನ್ನೊಮ್ಮೆ’ ಎಂದೆ. ಆ ‘ಇನ್ನೊಮ್ಮೆ’ ಇನ್ನೂ ಮುಗಿದಿಲ್ಲ.

ನಾನು ಉಡುಪಿಯವಳು, ಕಡಲ ಸದ್ದು ಕೇಳುವ ಮನೆಯಲ್ಲೇ ಬೆಳೆದವಳು. ಆದರೆ ನಮ್ಮಂಥವರ ಮನೆಗಳಲ್ಲಿ ಸಮುದ್ರಕ್ಕೆ ಹೋಗುವುದು ಎಳ್ಳಮಾವಾಸ್ಯೆಯ ಸ್ನಾನಕ್ಕೆ ಅಥವಾ ಯಾರದಾದರೂ ಅಸ್ಥಿ ಬಿಡುವುದಕ್ಕೆ. ಎರಡರಲ್ಲೂ ಮೊಣಕಾಲಿನಾಚೆ ನೀರಿಗೆ ಹೋಗಬಾರದೆಂದು ದಡದಲ್ಲಿ ನಿಂತು ಕೂಗುವವರು ಇದ್ದೇ ಇರುತ್ತಾರೆ. ಹಿಂದಿನ ಕಾಲದಲ್ಲಿ ಸಮುದ್ರ ದಾಟಿದವರಿಗೆ ಪ್ರಾಯಶ್ಚಿತ್ತ ವಿಧಿಸುತ್ತಿದ್ದರಂತೆ. ಈ ಬಗ್ಗೆ ನಾನು ಸಾಕಷ್ಟು ಯೋಚಿಸಿದ್ದೇನೆ. ಸರ್ಫಿಂಗ್ ಮಾಡುವವರು ಸಮುದ್ರ ದಾಟುವುದೇ ಇಲ್ಲ. ಪ್ರತಿ ಸಲವೂ ಸಮುದ್ರವೇ ನಮ್ಮನ್ನು ತಂದು ದಡಕ್ಕೆ ಎಸೆಯುತ್ತದೆ, ಎಂಥ ಶಾಸ್ತ್ರಿಗಳೂ ತಕರಾರು ತೆಗೆಯುವಂತಿಲ್ಲ. ಅಲೆಯೂ ಸಾಗರವೂ ಒಂದೇ ಎಂದು ಅದ್ವೈತಿಗಳು ಹೇಳುತ್ತಾರಲ್ಲ, ಅವರು ದಡದಲ್ಲಿ ಕೂತು ನೋಡಿದವರಿರಬೇಕು. ನಾವು ಉಡುಪಿಯ ದ್ವೈತಿಗಳು. ಅಲೆ ಬೇರೆ, ಹಲಗೆ ಬೇರೆ, ನಾನು ಬೇರೆ ಎಂಬುದು ಬಿದ್ದಾಗಲೆಲ್ಲ ನನಗೆ ಚೆನ್ನಾಗಿ ಮನದಟ್ಟಾಗಿದೆ.

ಬೀಳುವುದಕ್ಕೂ ಒಂದು ಕಾರಣವಿತ್ತು. ನನ್ನ ಜೊತೆ ಕಲಿಯಲು ಬಂದವರೆಲ್ಲ ತಡವಾಗಿ ಎದ್ದು ಬೀಳುತ್ತಿದ್ದರು. ನಾನೊಬ್ಬಳು ಬೇಗ ಎದ್ದು ಬೀಳುತ್ತಿದ್ದೆ. ‘ಅಕ್ಕ, ಅಲೆ ಇನ್ನೂ ಬರ್ಲೇ ಇಲ್ಲ, ನೀವು ಎದ್ದಾಯ್ತಲ್ಲ! ಅದು ಹಲಗೆಯನ್ನು ಎತ್ತಿದ ಮೇಲೆ ಏಳ್ಬೇಕು’ ಎಂದು ಸುಧಾಕರ ತಲೆ ಚಚ್ಚಿಕೊಂಡ. ಅವನಿಗೇನು ಗೊತ್ತು? ಇಪ್ಪತ್ತು ವರ್ಷಗಳಿಂದ ಠಾಣೆಯ ಆಫೀಸಿಗೆ ಲೋಕಲ್ ಟ್ರೇನಿನಲ್ಲಿ ಹೋಗಿಬರುವವಳು ನಾನು. ಸಂಜೆ ಡೋಂಬಿವಲಿಯಲ್ಲಿ ಇಳಿಯಬೇಕಾದರೆ ಮೂರು ಸ್ಟೇಷನ್ ಮೊದಲು ಮುಂಬ್ರಾದಲ್ಲೇ ಎದ್ದು ಬಾಗಿಲ ಕಡೆ ಸರಿಯಬೇಕು. ಅದರ ಮುಂದಿನ ದಿವಾದಲ್ಲಿ ಜನ ನುಗ್ಗಿದ ಮೇಲೆ ಏಳುತ್ತೇನೆಂದರೆ ನೀವು ಇಳಿಯುವುದು ಡೋಂಬಿವಲಿ ದಾಟಿ ಕಲ್ಯಾಣದಲ್ಲಿ. ಬರುವುದಕ್ಕೆ ಮೊದಲೇ ಎದ್ದು ನಿಲ್ಲುವುದು ನನ್ನ ಮೊಣಕಾಲಿಗೇ ಗೊತ್ತಿರುವ ವಿದ್ಯೆ. ಸಮುದ್ರದಲ್ಲೂ ಯಾರೋ ಹಿಂದಿನಿಂದ ‘ಡೋಂಬಿವಲಿ ಉತರ್‍ನಾ ಹೈ ಕ್ಯಾ?’ ಎಂದು, ಇಳಿಯುವುದಿದೆಯಾ ಅಂತ, ಬೆನ್ನಿಗೆ ತಿವಿಯುತ್ತಿದ್ದಾರೆ ಅನಿಸಿ ದಡಬಡಿಸಿ ಎದ್ದುಬಿಡುತ್ತಿದ್ದೆ.

ಡೋಂಬಿವಲಿಗೆ ಮರಳಿದ ಮೇಲೆ ಮನೆಯ ಹಾಲಿನಲ್ಲೇ ಅಭ್ಯಾಸ ಶುರುವಾಯಿತು. ಚಾಪೆಯ ಮೇಲೆ ಬೋರಲು ಮಲಗುವುದು, ಕೈ ಊರಿ ಒಂದೇ ಏಟಿಗೆ ಜಿಗಿದು ನಿಲ್ಲುವುದು. ಕೆಳಗಿನ ಮನೆಯ ಮರಾಠಿ ಹೆಂಗಸು, ನಾವೆಲ್ಲ ಕಾಕೂ ಎನ್ನುವವರು, ಮೇಲೆ ಬಂದು ‘ಕಾಯ ಪಡ್ತಂಯ ಹೋ?’ ಎಂದು ವಿಚಾರಿಸಿದರು, ಏನು ಬೀಳುತ್ತಿದೆ ಅಂತ. ‘ಮೀಚ್’ ಎಂದೆ, ನಾನೇ. ಅವರು ಕನಿಕರದಿಂದ ಎಣ್ಣೆ ಹಚ್ಚಿಕೊಳ್ಳಲು ಹೇಳಿ ಹೋದರು. ನೀರಿಗಿಳಿಯುವಾಗ ಹಾಕುವ ಬಟ್ಟೆ ಕೊಳ್ಳಲು ಉಲ್ಹಾಸನಗರಕ್ಕೆ ಹೋದರೆ ಅಂಗಡಿಯವನು ‘ಬೇಟಿ ಕೇ ಲಿಯೇ?’ ಎಂದ. ಮಗಳಿಗಲ್ಲ, ನನಗೇ ಎಂದ ಮೇಲೆ ಅವನು ನನ್ನ ಕಣ್ಣು ತಪ್ಪಿಸಿ ಗೋಡೆ ನೋಡುತ್ತಲೇ ಅಳತೆ ಕೇಳಿದ. ಆಮೇಲೆ ವರ್ಷಕ್ಕೆರಡು ಸಲ, ಶುಕ್ರವಾರ ಠಾಣೆಯಲ್ಲಿ ಮತ್ಸ್ಯಗಂಧ ರೈಲು ಹತ್ತುವುದು, ಸೋಮವಾರ ಬೆಳಿಗ್ಗೆ ಮರಳಿ ಬಂದು ಮೈಕೈ ನೋವಿನಲ್ಲೇ ಆಫೀಸಿಗೆ ಹೋಗುವುದು ರೂಢಿಯಾಯಿತು. ಬಿಸಿಲಿಗೆ ಮುಖ ಕಪ್ಪಾಯಿತು. ಬಂಧುಗಳು ಮದುವೆಯ ಮನೆಗಳಲ್ಲಿ ನನ್ನ ಬಣ್ಣದ ಬಗ್ಗೆ ಮರುಗಿದರು. ಮರುಗಲಿ. ಇಷ್ಟು ವರ್ಷ ಬೆಳ್ಳಗಿದ್ದು ನಾನು ಸಾಧಿಸಿದ್ದೇನು?

ಹೀಗಿರುವಾಗ ಸಾನಪಾಡಾದ ನಾದಿನಿ ವಿಜಯ ಮಗನ ಉಪನಯನ ಗೊತ್ತುಮಾಡಿದಳು. ಹಾಲ್ ನಮ್ಮ ಡೋಂಬಿವಲಿಯಲ್ಲೇ, ನಮ್ಮ ಮನೆಯ ಹಿಂದಿನ ರಸ್ತೆಯಲ್ಲಿ. ಇಲ್ಲಿ ಒಂದು ವಿಷಯ ಹೇಳಬೇಕು. ನಮ್ಮವರ ಯಾವುದೇ ಸಮಾರಂಭದಲ್ಲಿ ಉಗ್ರಾಣಕ್ಕೆ ಒಬ್ಬರು ಇರಲೇಬೇಕು. ತೆಂಗಿನಕಾಯಿ, ಬೆಲ್ಲ, ತುಪ್ಪ, ವೀಳ್ಯದೆಲೆ, ಉಡುಗೊರೆಯ ಪಂಚೆ, ಎಲ್ಲವೂ ಅವರ ಸುಪರ್ದಿಗೆ. ಅಡಿಗೆ ಭಟ್ಟರು ಒಂದು ಹಿಡಿ ಗೋಡಂಬಿ ಬೇಕಾದರೂ ಅವರನ್ನೇ ಕೇಳಬೇಕು. ನಾನು ಮದುವೆಯಾಗಿ ಬಂದಾಗಿನಿಂದ ಈ ಕುಟುಂಬದ ಉಗ್ರಾಣ ನನ್ನದು. ಎಷ್ಟೋ ಮದುವೆಗಳಲ್ಲಿ ಧಾರೆ ಎರೆಯುವುದನ್ನು ನಾನು ನೋಡಿಲ್ಲ, ತುಪ್ಪದ ಡಬ್ಬಿಗಳ ನಡುವೆ ಕೂತು ಗಟ್ಟಿಮೇಳ ಕೇಳಿಸಿಕೊಂಡಿದ್ದೇನೆ. ಕಾರಣ, ‘ಅತ್ತಿಗೆ ಇಲ್ಲದಿದ್ದರೆ ಆಗುವುದಿಲ್ಲ.’

ಉಪನಯನ ಬುಧವಾರ. ಅದರ ಹಿಂದಿನ ವಾರಾಂತ್ಯಕ್ಕೆ ನಾನು ಮೂಲ್ಕಿಯ ಟಿಕೆಟ್ ಎಂದೋ ಮಾಡಿಸಿಟ್ಟಿದ್ದೆ. ಸಾನಪಾಡಾದ ಅವಳ ಹಾಲಿನಲ್ಲಿ ಎಲ್ಲರೂ ಕೂತಿದ್ದಾಗ ವಿಜಯ ‘ಅತ್ತಿಗೆ, ಆ ಟಿಕೆಟ್ ಕ್ಯಾನ್ಸಲ್ ಮಾಡಿದ್ರಲ್ಲ?’ ಎಂದಳು. ಕೇಳಿದ್ದೂ ಅಲ್ಲ, ಸುಮ್ಮನೆ ಹೇಳಿದ್ದು. ನಮ್ಮ ಯಜಮಾನರು ಫ್ಯಾನು ನೋಡಿದರು.

‘ಇಲ್ಲ, ಹೋಗ್ತೇನೆ’ ಎಂದೆ. ‘ಸೋಮವಾರ ಬೆಳಿಗ್ಗೆ ಬರ್ತೇನಲ್ಲ.’

‘ಶನಿವಾರ ನಿಮ್ಮಲ್ಲಿಗೆ ಲಾಡು ಕಟ್ಟಲಿಕ್ಕೆ ಭಟ್ರು ಬರ್ತಾರೆ. ಆ ಹಲಗೆ ಮೇಲೆ ಬೀಳುದು ಮುಂದಿನ ವರ್ಷ ಮಾಡಿದ್ರೆ ಆಗುದಿಲ್ವಾ ಅತ್ತಿಗೆ?’

ಆಗುತ್ತಿತ್ತು. ಅದೇ ತೊಂದರೆ. ನನ್ನದೆನ್ನುವುದೆಲ್ಲ ಯಾವಾಗಲೂ ಮುಂದಿನ ವರ್ಷಕ್ಕೆ ಆಗುತ್ತಲೇ ಬಂದಿತ್ತು. ಈ ಸಲ ಬಿಟ್ಟುಕೊಟ್ಟರೆ ಇನ್ನು ನಾನು ನೀರಿಗಿಳಿಯುವುದಿಲ್ಲ ಎಂದು ನನಗೆ ಸ್ಪಷ್ಟವಾಗಿ ಗೊತ್ತಾಯಿತು, ಹೆದರಿಕೆಯೂ ಆಯಿತು. ಇಲ್ಲೇ ಹುಟ್ಟಿ ಬೆಳೆದ, ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರಿಸುವ ನನ್ನ ಮಗಳು ಫೋನಿನಿಂದ ತಲೆಯೆತ್ತಿ ‘ಅಮ್ಮಾ, ತೂ ಜಾ ನಾ’ ಎಂದಳು, ನೀನು ಹೋಗಮ್ಮ ಅಂತ. ಮಗಳನ್ನು ಎಲ್ಲರೂ ದುರುಗುಟ್ಟಿ ನೋಡಿದರು, ನಾನು ಹೋದೆ.

ಹೋಗುವ ಮೊದಲು, ಹಾಲಿಗೆ ಹತ್ತಿರವೆಂದು, ಸಾಮಾನೆಲ್ಲ ತರಿಸಿ ನಮ್ಮ ಒಳಕೋಣೆಯಲ್ಲಿ ಜೋಡಿಸಿಟ್ಟೆ. ಯಾವುದು ಎಲ್ಲಿದೆ ಎಂದು ಯಜಮಾನರಿಗೆ ತೋರಿಸಿದೆ. ಅವರು ಪರೀಕ್ಷೆಗೆ ಓದುವವರಂತೆ ತಲೆಯಾಡಿಸಿದರು. ಇಷ್ಟೆಲ್ಲ ಮಾಡಿ, ಶನಿವಾರ ಬೆಳಿಗ್ಗೆ ಮೂಲ್ಕಿಯಲ್ಲಿ ಹಲಗೆ ಹೊತ್ತು ನೀರಿಗಿಳಿಯುವ ಹೊತ್ತಿಗೆ ಯಜಮಾನರ ಫೋನು ಬಂತು. ‘ಏ, ಕೋಣೆಗೆ ಬೀಗ ಹಾಕಿದ್ದಿಯಲ್ಲ, ಕೀ ಎಲ್ಲಿ ಮಾರಾಯ್ತಿ?’

ಕೈಚೀಲಕ್ಕೆ ಕೈ ಹಾಕಿದೆ. ಅಲ್ಲೇ ಇತ್ತು. ಉಗ್ರಾಣ ಬಿಟ್ಟು ಏಳುವಾಗ ಬೀಗ ಜಡಿದು ಕೀಲಿಯನ್ನು ಜೊತೆಗಿಟ್ಟುಕೊಳ್ಳುವುದು ನನ್ನ ಕೈಗಳಿಗೆ ರೂಢಿಯಾಗಿಬಿಟ್ಟಿದೆ, ಅವು ನನ್ನನ್ನು ಕೇಳದೆಯೇ ಆ ಕೆಲಸ ಮುಗಿಸಿದ್ದವು. ವಿಜಯ ಅಣ್ಣನ ಕೈಯಿಂದ ಫೋನು ಕಸಿದುಕೊಂಡಳು. ‘ಭಟ್ರು ಬಂದು ಕೂತಿದ್ದಾರೆ ಅತ್ತಿಗೆ. ಇವತ್ತೇ ಹೊರಟು ಬನ್ನಿ. ನೀವಿಲ್ಲದಿದ್ರೆ ಆಗುದಿಲ್ಲ.’

ಸುಳ್ಳು ಹೇಳುವುದಿಲ್ಲ, ಆ ಮಾತು ಕೇಳಿ ನನಗೆ ಸುಖವಾಯಿತು. ಒಂದು ಗಳಿಗೆ ಮಂಗಳೂರಿನಿಂದ ಯಾವ ಬಸ್ಸಿದೆ ಎಂದು ಲೆಕ್ಕವನ್ನೂ ಹಾಕಿದೆ. ಆಮೇಲೆ ಸಿಟ್ಟು ಬಂತು. ಇಷ್ಟು ವರ್ಷ ನನ್ನನ್ನು ತುಪ್ಪದ ಡಬ್ಬಿಗಳ ನಡುವೆ ಕೂರಿಸಿದ್ದು ಇದೇ ಸಿಹಿ ಮಾತು.

‘ಬೀಗ ಒಡೀರಿ’ ಎಂದೆ.

‘ಎಂತ?’

‘ಬೀಗ ಒಡೀರಿ ವಿಜಯಾ. ಸುತ್ತಿಗೆ ಬಾಲ್ಕನಿಯಲ್ಲಿದೆ. ನಾನು ಬರುದಿಲ್ಲ.’

ಫೋನು ಚೀಲಕ್ಕೆ ಹಾಕಿ ನೀರಿಗೆ ನುಗ್ಗಿದೆ. ಹಲಗೆಯ ಮೇಲೆ ಮಲಗಿ ಮನಸ್ಸಿನಲ್ಲೇ ವಿಜಯಳಿಗೂ, ಅವಳಣ್ಣನಿಗೂ, ಆ ಲಾಡುವಿಗೂ ಉತ್ತರ ಕೊಡುತ್ತಿದ್ದೆ. ಆ ಜಗಳದಲ್ಲಿ ಏಳುವುದೇ ಮರೆತುಹೋಯಿತು. ಅಷ್ಟರಲ್ಲಿ ಅಲೆ ಬಂದು ಹಲಗೆಯನ್ನು ಎತ್ತಿತು, ಹಿಂದಿನಿಂದ ಸುಧಾಕರ ‘ಈಗ ಅಕ್ಕ, ಈಗ!’ ಎಂದು ಕೂಗಿದ, ನಾನು ಎದ್ದೆ. ನಿಂತೆ. ಬೀಳಲಿಲ್ಲ. ಕಾಲ ಕೆಳಗೆ ಇಡೀ ಅರಬ್ಬೀ ಸಮುದ್ರ ಗುಡುಗುಟ್ಟುತ್ತಿತ್ತು, ಮರಳಿಗೆ ತಾಗುವವರೆಗೂ ನಾನು ನಿಂತೇ ಇದ್ದೆ. ದಡದಲ್ಲಿ ಕೂತು ಅತ್ತೆ. ಉಪ್ಪುನೀರಿನಲ್ಲಿ ಅಳುವುದರ ಅನುಕೂಲವೆಂದರೆ ಯಾರಿಗೂ ಗೊತ್ತಾಗುವುದಿಲ್ಲ.

ಸೋಮವಾರ ಮನೆಗೆ ಬಂದರೆ ಒಳಕೋಣೆಯ ಬಾಗಿಲ ಚಿಲಕ ಕಿತ್ತು ನೇತಾಡುತ್ತಿತ್ತು. ಕೋಣೆ ಹಾರುಹೊಡೆದಿತ್ತು. ಡಬ್ಬದ ತುಂಬ ಲಾಡು. ತುಪ್ಪ ಸ್ವಲ್ಪ ಕೈಮೀರಿ ಬಿದ್ದಿತ್ತು, ತಿನ್ನುವವರಿಗೆ ಅದರಿಂದ ಯಾವ ಬೇಸರವೂ ಇರಲಿಲ್ಲ. ಯಜಮಾನರು ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ಭಟ್ಟರಿಗೆ ಗೋಡಂಬಿ ಅಳೆದುಕೊಡುತ್ತಿದ್ದರು, ಅವರ ಮುಖದಲ್ಲಿ ಹೊಸ ಅಧಿಕಾರಿಯ ಕಳೆ. ನನಗೆ ಮೊದಲು ಆದದ್ದು ಅವಮಾನ. ನಾನಿಲ್ಲದೆ ಇಷ್ಟು ಸಲೀಸಾಗಿ ಆಗಿಬಿಟ್ಟಿತಲ್ಲ ಎಂದು ಎದೆ ಚುಳ್ಳೆಂದಿತು. ಸ್ನಾನ ಮಾಡಿ, ಕಾಫಿ ಕುಡಿದು, ಒಂದು ಲಾಡು ತಿಂದಾದ ಮೇಲೆ ಅದೇ ಸಂಗತಿ ಹಬ್ಬದಂತೆ ಕಾಣತೊಡಗಿತು. ಬುಧವಾರ ನಾನು ಹಾಲಿನ ಮುಂದಿನ ಸಾಲಿನಲ್ಲಿ ಕೂತು, ಬ್ರಹ್ಮೋಪದೇಶದಿಂದ ಮಾತೃಭಿಕ್ಷೆಯವರೆಗೆ ಎಲ್ಲವನ್ನೂ ಕಣ್ತುಂಬ ನೋಡಿದೆ. ನೋಡುವಂತಿತ್ತು.

ಊಟದ ಪಂಕ್ತಿಯಲ್ಲಿ ವಿಜಯ ಪಕ್ಕಕ್ಕೆ ಬಂದು ಕೂತಳು. ಎರಡು ದಿನ ಬಿಗಿದುಕೊಂಡಿದ್ದ ಮುಖ ಪಾಯಸಕ್ಕೆ ಸಡಿಲವಾಗಿತ್ತು. ‘ಮೇ ತಿಂಗಳಲ್ಲಿ ನಮ್ಮ ಹೊಸ ಫ್ಲಾಟಿನ ಗೃಹಪ್ರವೇಶ. ಉಗ್ರಾಣಕ್ಕೆ ನೀವೇ ಅಲ್ವಾ ಅತ್ತಿಗೆ?’ ಎಂದಳು.

‘ಆ ವಾರ ಅಲೆ ಹೇಗಿದೆ ನೋಡಿ ಹೇಳ್ತೇನೆ’ ಎಂದೆ.

ಅವಳು ತಮಾಷೆ ಎಂದುಕೊಂಡು ನಕ್ಕಳು. ನಾನು ನಗಲಿಲ್ಲ, ನಿಜವಾಗಿಯೂ ನೋಡಬೇಕಿತ್ತು.