ಕನ್ನಡದ ಒಂದು ಪುಟಕ್ಕೆ ಜಾಗ

ಕಪ್ಪು ಪರದೆಯಲ್ಲಿ ಕಮಾಂಡ್ ಟೈಪ್ ಮಾಡಿ ಪುಸ್ತಕ ಜೋಡಿಸುವುದು, ಅದರಲ್ಲೂ ಕನ್ನಡದ ಪುಟ ತೆಗೆಯುವುದು ಆಗದ ಮಾತು ಎಂದವರು ನನ್ನ ಸೋದರಮಾವ. ಚಳ್ಳಕೆರೆಯಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ಅಂಗಡಿ ಅವರದು.

"ಮೌಸ್ ಮುಟ್ಟದಂಗೆ ಕನ್ನಡ ಬರ್ತೈತಾ? ಒತ್ತಕ್ಷರ ಎಲ್ಲಾ ಬೀದಿಗೆ ಬೀಳ್ತವೆ ಸೊಸೆ. ಸುಮ್ನೆ ನನ್ ಹತ್ರ ತಗಂಬಾ."

ನಾನಾಗ ಗಣಿತದ ಎಂ.ಎಸ್ಸಿ. ಕೊನೆಯ ವರ್ಷದಲ್ಲಿದ್ದೆ. ನಮ್ಮ ಮನೆಯಲ್ಲಿ ಕಾಲೇಜು ಕಂಡವಳು ನಾನೊಬ್ಬಳೇ. ಪ್ರಾಜೆಕ್ಟ್ ವರದಿಯನ್ನು ಲೇಟೆಕ್ ಎಂಬ ತಂತ್ರಾಂಶದಲ್ಲೇ ಜೋಡಿಸಬೇಕು, ಸೋಮವಾರ ಕೊಡದಿದ್ದರೆ ಪದವಿ ಮುಂದಿನ ವರ್ಷಕ್ಕೆ ಎಂದಿದ್ದರು ಮೇಷ್ಟ್ರು. ವರದಿಯೆಲ್ಲ ಇಂಗ್ಲಿಷಿನಲ್ಲಿ. ಅವ್ವನಿಗೆ ಅರ್ಪಿಸುವ ಮೊದಲ ಪುಟ ಮಾತ್ರ ಕನ್ನಡದಲ್ಲೇ ಇರಬೇಕೆಂಬುದು ನನ್ನ ಹಟ. ಅಕ್ಷರ ಕೂಡಿಸಿಕೊಂಡು ಅವ್ವ ಓದಬಲ್ಲದ್ದು ಅದೊಂದನ್ನೇ.

ಎಣ್ಣೆ, ಸಕ್ಕರೆ, ಪೆನ್ನು, ಎಲ್ಲವನ್ನೂ ಬಿಡಿಬಿಡಿಯಾಗಿ ತಂದ ಮನೆ ನಮ್ಮದು. ಈ ತಂತ್ರಾಂಶ ಪುಕ್ಕಟೆ ಎಂದು ಗೊತ್ತಾದಾಗ ಆಸೆ ತಡೆಯಲಾಗಲಿಲ್ಲ. ಹಾಸ್ಟೆಲಿನ ವೈಫೈನಲ್ಲಿ, ಇದ್ದಬದ್ದದ್ದನ್ನೆಲ್ಲ ಒಟ್ಟಿಗೆ ಎಳೆದು ತರುವ ‘ಫುಲ್’ ಎಂಬ ಪ್ಯಾಕೇಜನ್ನೇ ಇನ್‌ಸ್ಟಾಲ್ ಮಾಡಿಬಿಟ್ಟಿದ್ದೆ. ಜಪಾನಿ, ಗ್ರೀಕ್, ಅರಬ್ಬಿ ಭಾಷೆಗಳೆಲ್ಲ ಬಂದು ನನ್ನ ಹಳೇ ಲ್ಯಾಪ್‌ಟಾಪಿನಲ್ಲಿ ಕಾಲು ಚಾಚಿ ಕೂತವು. ಕನ್ನಡದ ಫಾಂಟ್ ಹಾಕಲು ಹೋದರೆ ಜಾಗವಿಲ್ಲ ಎಂಬ ಉತ್ತರ!

ಶನಿವಾರ, ಮೊಳಕಾಲ್ಮುರು ಹತ್ತಿರದ ನಮ್ಮೂರಲ್ಲಿ, ಜಗಲಿಯ ಮೇಲೆ ಕೂತು ಮೊದಲು ಜಪಾನಿಗೆ ‘ರಿಮೂವ್’ ಹೇಳಿದೆ. ಒಂದು ಕಡಿಮೆಯಾದರೂ ಅದು ‘ಫುಲ್’ ಅಲ್ಲವಲ್ಲ, ಹಾಗಾಗಿ ಅದರ ಜೊತೆ ‘ಫುಲ್’ ಕೂಡ ಹೋಗುತ್ತದೆ ಎಂದಿತು ಪರದೆ. ಹೋಗಲಿ, ಬರೀ ಹೆಸರು ತಾನೆ ಎಂದುಕೊಂಡೆ. ಆಮೇಲೆ, ಇನ್ನು ಯಾರಿಗೂ ಬೇಡವಾದವು ಇಷ್ಟಿವೆ, ‘ಆಟೊರಿಮೂವ್’ ಎಂದರೆ ಅವೂ ಹೋಗುತ್ತವೆ ಎಂದು ಬುದ್ಧಿ ಹೇಳಿತು. ಎಂಥ ಮರ್ಯಾದಸ್ಥ ಯಂತ್ರ ಎಂದುಕೊಂಡು, ಹೆಸರುಗಳನ್ನು ಓದದೆ, ಹೌದು ಎನ್ನುವ ‘ವೈ’ ಒತ್ತಿದೆ. ಎಲ್ಲವೂ ಬಂದದ್ದು ‘ಫುಲ್’ನ ಹಿಂದೆ. ಅದೇ ಹೋದ ಮೇಲೆ ಇವು ನಿಲ್ಲುತ್ತವೆಯೇ? ಮುಂದಿನ ಕುರಿ ಬೇಲಿ ಹಾರಿದ ಕಡೆಗೇ ಹಿಂಡೆಲ್ಲ ಹಾರಿತು.

ಶೇಂಗಾ ಸುಲಿಯುತ್ತಿದ್ದ ಅವ್ವ ಬಗ್ಗಿ ನೋಡಿದಳು. "ಏನೇ ಅದು, ಸಾಲುಸಾಲು ಓಡ್ತಾ ಐತೆ?"

"ಎಲ್ಲಾ ಹೋಗ್ತಾ ಐತವ್ವಾ!"

"ಹೋಗ್ಲಿ ಬಿಡು. ಜಾಗ ಇಲ್ಲ ಅಂತಿದ್ದಲ್ಲ."

ಜಾಗವೇನೋ ಆಯಿತು. ವರದಿ ಜೋಡಿಸಲು ತಂತ್ರಾಂಶವೇ ಉಳಿದಿರಲಿಲ್ಲ, ಮೊಬೈಲಿನ ಡೇಟಾ ಸಾಲದು. ಹತ್ತಿರದಲ್ಲಿ ನನಗೆ ಗೊತ್ತಿದ್ದ ವೈಫೈ ಒಂದೇ, ಮಾವನ ಅಂಗಡಿಯದು. ಭಾನುವಾರ ಮೊದಲ ಬಸ್ಸಿಗೆ ಚಳ್ಳಕೆರೆಗೆ ಹೋದೆ.

"ಏನವ್ವಾ ಸೊಸೆ, ಕರಿ ಪರದೆ ಎಲ್ಲಾ ನುಂಗಿ ನೀರು ಕುಡೀತಾ?"

"ಪಾಸ್‌ವರ್ಡ್ ಹೇಳ್ರಿ ಮಾವ, ಆಮ್ಯಾಲೆ ನಗೀರಂತೆ."

"ಹೇಳ್ತೀನಿ. ನಗೋದು ಮಾತ್ರ ಈಗ್ಲೇ."

ಈ ಸಲ ಬೇಕಾದ್ದನ್ನಷ್ಟೇ ಹೆಸರು ಹಿಡಿದು ಕರೆದೆ: ಮೂಲ ಪ್ಯಾಕೇಜು, ಗಣಿತದ್ದು, ಕನ್ನಡ ಜೋಡಿಸಬಲ್ಲ ಕ್ಸೀಟೆಕ್, ಒಂದು ಕನ್ನಡ ಫಾಂಟು. ಮಧ್ಯಾಹ್ನದ ಊಟದ ಹೊತ್ತಿಗೆ ಅವ್ವನ ಪುಟ ಪ್ರಿಂಟರಿನಿಂದ ಹೊರಬಂತು. ಮಾವ ಕನ್ನಡಕ ಹಣೆಗೇರಿಸಿ, ಪ್ರತಿ ಒತ್ತಿನ ಕೆಳಗೂ ಬೆರಳಾಡಿಸಿದರು.

"ಒತ್ತು ಸರ್ಯಾಗಿ ಕೂತವೆ" ಎಂದರು, ಪ್ರಿಂಟರಿನ ಕಡೆ ನೋಡುತ್ತಾ.

ಸೋಮವಾರ ವರದಿ ಕೊಟ್ಟೆ, ಪಾಸಾದೆ. ಪದವಿಯ ಪ್ರಮಾಣಪತ್ರ ಬಂದ ದಿನ ನೇರ ತಂದು ಅವ್ವನ ಕೈಗಿಟ್ಟೆ. ಸೆರಗಿಗೆ ಕೈ ಒರೆಸಿಕೊಂಡು ಹಿಡಿದವಳು ಹಿಂದೆ ಮುಂದೆ ತಿರುವಿ ನೋಡಿದಳು.

"ಅಷ್ಟು ದಪ್ಪ ಪುಸ್ತಕ ಕೊಟ್ಟಿದ್ದಕ್ಕೆ ಒಂದೇ ಹಾಳೆ ಕೊಟ್ರಾ? ಇರ್ಲಿ. ಮಡಚಬ್ಯಾಡ, ಗೆರೆ ಬೀಳ್ತೈತೆ."