ಒಬ್ಬರೇ ಕೂರುವ ಗಾಡಿ

ನಮ್ಮ ಭಾವನಿಗೆ ಡೇರಿಯಲ್ಲಿ ಎಲ್ಲರೂ ಇಟ್ಟಿದ್ದ ಹೆಸರು ‘ಹೆಲ್ಮೆಟ್’. ಬೆಳಿಗ್ಗೆ ದನಗಳ ಹಿಂದೆ ಹೊರಡುವ ಮುಂಚೆ ತಲೆಗೆ ಹೆಲ್ಮೆಟ್ ಬಿಗಿದುಕೊಂಡು, ಗುಡ್ಡ ಹತ್ತಲು ಡೇರಿಯಲ್ಲಿಟ್ಟಿದ್ದ ನಾಲ್ಕು ಚಕ್ರದ ಬೈಕಿನ ಪಕ್ಕ ಮಂಡಿಯೂರಿ ಒಂದೊಂದೇ ಟೈರಿನ ಗಾಳಿಯನ್ನು ಗೇಜು ಹಿಡಿದು ನೋಡುತ್ತಿದ್ದರು. ಒಂದರಲ್ಲಿ ಗಾಳಿ ಕಡಿಮೆಯಾದರೂ ಇಳಿಜಾರಿನಲ್ಲಿ ಗಾಡಿ ಅತ್ತಲೇ ಎಳೆಯುತ್ತದೆ ಎಂದು ಕೇಳಿದವರಿಗೂ ಕೇಳದವರಿಗೂ ಹೇಳುವರು. ಹಾಲು ಕರೆಯುವ ಷೆಡ್ಡಿನ ಬಾಗಿಲಲ್ಲಿ ನಿಂತು ನಾವು ಮುಸಿಮುಸಿ ನಗುತ್ತಿದ್ದೆವು. ಅವರ ಹೆಂಡತಿ, ಅಂದರೆ ನನ್ನ ಅಕ್ಕ, ಎಲ್ಲರಿಗಿಂತ ಜೋರಾಗಿ.

ಗುಡ್ಡದ ನೆತ್ತಿಯಲ್ಲಿ ದನಗಳ ನೀರಿನ ತೊಟ್ಟಿ. ದಿನವೂ ಅದನ್ನು ನೋಡಿ ಬರುವುದು ಭಾವನ ಕೆಲಸ. ನದಿ ಗುಡ್ಡವನ್ನು ಬಳಸಿಕೊಂಡು ಹೋಗುವುದರಿಂದ ಅಲ್ಲಿಂದ ಎರಡು ಕಡೆ ಕಾಣುತ್ತದೆ ಎಂದು ಮದುವೆಯ ಹೊಸದರಲ್ಲಿ ಬಾಯಿಬಿಟ್ಟರು. ಅಕ್ಕನಿಗೆ ಅದೇ ಗುಂಗು ಹಿಡಿಯಿತು.

“ರೀ, ಇಷ್ಟುದ್ದ ಸೀಟಿದೆ. ಒಂದೇ ಒಂದು ಸಲ ಹಿಂದೆ ಕೂರಿಸ್ಕೊಂಡು ಹೋಗಿ.”

“ಅಷ್ಟುದ್ದ ಇಟ್ಟಿರೋದು ಇನ್ನೊಬ್ಬರಿಗಲ್ಲ, ಓಡಿಸೋನಿಗೆ. ಏರು ಬಂದ್ರೆ ನಾನು ಮುಂದಕ್ಕೆ ಜರುಗಬೇಕು, ದಾರಿ ಒಂದು ಪಕ್ಕಕ್ಕೆ ಓರೆಯಾದ್ರೆ ಮೇಲ್ಗಡೆಗೆ ವಾಲಬೇಕು. ನೀನು ಕೂತ್ರೆ ಗಾಡಿ ಹಿಂದಕ್ಕೆ ಮಗುಚಿ ನಮ್ಮಿಬ್ಬರ ಮೇಲೇ ಬೀಳುತ್ತೆ.”

“ಹಾಗಾದ್ರೆ ನಡ್ಕೊಂಡೇ ಹೋಗೋಣ.”

“ಹೋಗೋಣ. ಹಸುಗಳು ಕರು ಹಾಕೋದೊಂದು ಮುಗೀಲಿ.”

ಅದು ಮುಗಿದರೆ ಹುಲ್ಲಿನ ಕೊಯ್ಲು, ಕೊಯ್ಲು ಮುಗಿದರೆ ಬೇಲಿ ರಿಪೇರಿ. ಹದಿನೆಂಟು ವರ್ಷ ಕೇಳಿದ ಅಕ್ಕ ಆಮೇಲೆ ಕೇಳುವುದನ್ನೇ ಬಿಟ್ಟಳು. ಹೋದ ವರ್ಷ ಎದೆನೋವೆಂದು ಮಲಗಿದವಳು ಮತ್ತೆ ಏಳಲಿಲ್ಲ. ಅಷ್ಟೆಲ್ಲ ಜೋಪಾನ ಮಾಡಿ ಈ ಮನುಷ್ಯ ಉಳಿಸಿಕೊಂಡದ್ದಾದರೂ ಏನು ಎಂದು ನಾನು ಅವರಿವರ ಮುಂದೆ ಆಡಿಕೊಂಡೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಈ ವರ್ಷ ಭಾವನ ಮಂಡಿ ಕೈಕೊಟ್ಟಿತು. ಎದ್ದು ನಿಂತು ವಾಲಲಾಗದವನು ಈ ಗಾಡಿ ಮುಟ್ಟಬಾರದು ಎಂದು ತಾವೇ ಕೆಲಸ ಬಿಟ್ಟರು. ಅವರ ಜಾಗಕ್ಕೆ ನಾನು ಬಂದೆ. ಕೀ, ಹೆಲ್ಮೆಟ್ಟು, ಗೇಜು ಮೂರನ್ನೂ ನನ್ನ ಕೈಗಿಟ್ಟು, ಗುಡ್ಡದ ಕಡೆ ನೋಡುತ್ತ ನಿಂತೇ ಇದ್ದರು.

“ಹತ್ತಿ ಭಾವ, ನಿಧಾನಕ್ಕೆ ಕರ್ಕೊಂಡು ಹೋಗ್ತೀನಿ. ಒಂದೇ ಸಲ ತಾನೆ.”

“ಅವಳಿಗೇ ಬೇಡ ಅಂದಿದ್ದೀನಿ ಕಣೇ,” ಎಂದರು. “ಈಗ ನಾನು ಹತ್ತಲಾ?”

ನಾನು ಕೀಯನ್ನು ಜೇಬಿಗೆ ಹಾಕಿಕೊಂಡು ತೋಳು ಕೊಟ್ಟೆ; ನಡೆದೇ ಹೊರಟೆವು. ಮೊದಲನೇ ಗೇಟಿನ ಹತ್ತಿರ ಕೂತರು. ಎರಡನೆಯದರ ಹತ್ತಿರವೂ ಕೂತರು. ಹಸುಗಳು ಬಂದು ಅವರ ಕೈ ಮೂಸಿದವು. ಮೇಲೆ ತೊಟ್ಟಿಯ ಅಂಚು ಹಿಡಿದು ನಿಂತಾಗ ಎಡಕ್ಕೊಮ್ಮೆ ಬಲಕ್ಕೊಮ್ಮೆ ನದಿ ಕಂಡಿತು. ಅಕ್ಕ ಇದ್ದಿದ್ದರೆ ಚಪ್ಪಾಳೆ ತಟ್ಟಿಬಿಡುತ್ತಿದ್ದಳು. ಅವಳು ಬೇಕೆನಿಸಿ ನನಗೆ ಅಳು ಬಂತು.

ಭಾವ ನದಿಯನ್ನು ನೋಡುತ್ತಿರಲಿಲ್ಲ. ಕೈಗಡಿಯಾರ ನೋಡುತ್ತಿದ್ದರು.

“ನಲವತ್ತು ನಿಮಿಷ,” ಎಂದರು. “ಈ ಕಾಲಿಟ್ಕೊಂಡು, ಅಲ್ಲಲ್ಲಿ ಕೂತು ಬಂದ್ರೂ ಬರೀ ನಲವತ್ತು ನಿಮಿಷ ಕಣೇ.”