ಗಾದಿ ಚಾಚಾರ ಎರಡು ಬ್ಯಾಟರಿ

ಅವರ ಹುಬ್ಬಿನಲ್ಲಿ ಯಾವಾಗಲೂ ಹತ್ತಿಯ ಎಳೆಯೊಂದು ಸಿಕ್ಕಿಕೊಂಡಿರುತ್ತಿತ್ತು. ಶಿರಾಳಕೊಪ್ಪದಲ್ಲಿ ನಮ್ಮ ಎದುರುಮನೆಯವರು. ಹತ್ತಿ ಹಿಂಜಿ ಗಾದಿ ಹೊಲಿಯುವುದು ಕಸುಬು. ಊರಿಗೆಲ್ಲ ಗಾದಿ ಚಾಚಾ. ಆ ಹತ್ತಿಯ ದೂಳು ಎದೆಯೊಳಗೂ ಕೂತಿದೆ ಎಂದು ಡಾಕ್ಟರು ಹೇಳಿದ ಮೇಲೆ ಆಮ್ಲಜನಕದ ಯಂತ್ರ ಮನೆಗೆ ಬಂತು. ಕರೆಂಟು ಹೋದರೆ ಇರಲಿ ಎಂದು ಇನ್ವರ್ಟರೂ ಬ್ಯಾಟರಿಯೂ ಬಂದವು.

ಬೇರೆಯವರಾಗಿದ್ದರೆ ದೇವರ ಮೇಲೆ ಭಾರ ಹಾಕಿ ಮಲಗುತ್ತಿದ್ದರು. ಇವರು ಮೂಗಿಗೆ ನಳಿಕೆ ಸಿಕ್ಕಿಸಿಕೊಂಡೇ ಬ್ಯಾಟರಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಅದರ ಮೇಲಿರುವ ‘೧೫೦ ಎಎಚ್’ ಅಂದರೇನು ಎಂದು ನನ್ನನ್ನು ಕೇಳಿದರು. ಒಂದೇ ಆಂಪಿಯರ್ ಎಳೆಯುತ್ತಿದ್ದರೆ ನೂರೈವತ್ತು ಗಂಟೆ ಎಂದೆ. ಯಂತ್ರ ಎಳೆಯುವುದು ಮೂವತ್ತೈದರಷ್ಟು. ಭಾಗಿಸಿದರೆ ನಾಲ್ಕು ಗಂಟೆಗೆ ಮೋಸವಿರಲಿಲ್ಲ.

"ಲೆಕ್ಕ ಸರಿ ಇರಬೋದಮ್ಮ. ಉಸಿರು ನಂದಲ್ವಾ, ಒಂದ್ಸಲ ನೋಡೇಬಿಡಾಣ" ಎಂದರು.

ಯಂತ್ರವನ್ನು ಕರೆಂಟಿನಲ್ಲೇ ಬಿಟ್ಟು, ಅದರಷ್ಟೇ ಎಳೆಯುವ ಹಳೆಯ ಬಲ್ಬುಗಳನ್ನು ಬ್ಯಾಟರಿಗೆ ಹಚ್ಚಿ, ಅವರ ಹೆಂಡತಿ ಚಾಚಿ ಕೊಟ್ಟ ಚಹಾ ಕುಡಿಯುತ್ತ ಕೂತೆವು. ಹಾಡಹಗಲೇ ದೀಪ ಉರಿಸುವ ನಮ್ಮನ್ನು ನೋಡಿ ಬೀದಿಯವರು ನಕ್ಕರು. ಎರಡೂವರೆ ಗಂಟೆ ಕಳೆಯುವಷ್ಟರಲ್ಲೇ ಇನ್ವರ್ಟರ್ ಕೂಗಿತು, ಬಲ್ಬು ಆರಿದವು. ನಾನು ಮತ್ತೆ ಮತ್ತೆ ಭಾಗಿಸಿ ನೋಡಿದೆ. ಚಾಚಾ ಮಾತ್ರ ಹೊಸ ಆಟಿಕೆ ಸಿಕ್ಕ ಮಗುವಿನ ಹಾಗೆ ಕೂತಿದ್ದರು.

ವಿಚಾರಿಸಿದೆವು. ಇನ್ವರ್ಟರ್ ತಾನೂ ಒಂದಿಷ್ಟು ನುಂಗುತ್ತದಂತೆ. ಅದಕ್ಕಿಂತ ಮುಖ್ಯವಾಗಿ, ಆ ನೂರೈವತ್ತು ಎಂಬುದು ಇಪ್ಪತ್ತು ಗಂಟೆ ನಿಧಾನವಾಗಿ ಎಳೆದಾಗ ಸಿಗುವ ಲೆಕ್ಕ. ಜೋರಾಗಿ ಎಳೆದರೆ ಬ್ಯಾಟರಿ ಅಷ್ಟು ಕೊಡುವುದೇ ಇಲ್ಲ.

"ನಮ್ಮ ಹಿತ್ತಲ ಬಾವಿ ಇದ್ದಂಗೆ. ಬಿಂದಿಗೇಲಿ ಸೇದಿದ್ರೆ ದಿನಪೂರ್ತಿ ನೀರು. ಮೋಟ್ರು ಹಚ್ಚಿದ್ರೆ ಗಳಿಗೇಲಿ ತಳ" ಎಂದರು ಚಾಚಾ.

ಅಂಥದೇ ಇನ್ನೊಂದು ಬ್ಯಾಟರಿ ತರಿಸಿ, ಒಂದೊಂದರ ಮೇಲೆ ಅರ್ಧ ಹೊರೆ ಬೀಳುವಂತೆ ಜೋಡಿಸಿದರು. ಮತ್ತೆ ಬಲ್ಬು, ಮತ್ತೆ ಚಾಚಿಯ ಚಹಾ. ಎರಡರಷ್ಟೆಂದರೆ ಐದು ಗಂಟೆ ಬರಬೇಕು. ಆರು ದಾಟಿದರೂ ದೀಪ ಉರಿಯುತ್ತಿತ್ತು. ಒಂದಕ್ಕೊಂದು ಕೂಡಿದರೆ ಎರಡಕ್ಕಿಂತ ಹೆಚ್ಚು ಎಂದು ಗಾದಿಗೆ ಬಂದವರಿಗೆಲ್ಲ ಹೇಳಿ, ಚಾಚಿಯ ಕಡೆ ನೋಡಿ ನಗುತ್ತಿದ್ದರು. ಮಳೆಗಾಲದಲ್ಲಿ ಕರೆಂಟಿಲ್ಲದ ಎಷ್ಟೋ ಹೊತ್ತನ್ನು ಆ ಜೋಡಿ ದಾಟಿಸಿತು; ಕರೆಂಟು ಹೋದಾಗಲೆಲ್ಲ ನಾನು ಗಡಿಯಾರ ನೋಡಿ ಲೆಕ್ಕ ಇಡುತ್ತಿದ್ದೆ. ಯಾವ ಅಂಕಿ ಕಂಡರೂ ‘ಯಾವ ವೇಗಕ್ಕೆ?’ ಎಂದು ಕೇಳುವ ಚಟ ನನಗೆ ಅಂಟಿದ್ದು ಅವರಿಂದಲೇ.

ಕಳೆದ ವರ್ಷ ಒಂದು ಮಧ್ಯಾಹ್ನ ಅವರು ಹೋದರು. ಕರೆಂಟಿತ್ತು, ಯಂತ್ರ ನಡೆಯುತ್ತಿತ್ತು, ಬ್ಯಾಟರಿಗಳು ತುಂಬಿದ್ದವು. ಸಂಜೆ ಮಣ್ಣು ಮುಗಿಸಿ ಎಲ್ಲರೂ ಬರುವಷ್ಟರಲ್ಲಿ ಬೀದಿಯ ಕರೆಂಟು ಹೋಯಿತು. ಚಾಚಾರ ಮನೆಯಲ್ಲಿ ಆ ಬ್ಯಾಟರಿಗಳ ಮೇಲೆ ಒಂದು ಬಲ್ಬು ಮಾತ್ರ ಉರಿಯುತ್ತಿತ್ತು. ಚಾಚಿಯ ಪಕ್ಕ ಕೂತಿದ್ದ ನಾನು ರೂಢಿಯಿಂದ ಗಡಿಯಾರ ನೋಡಿದೆ.

"ಗಡಿಯಾರ ಯಾಕೆ ನೋಡ್ತೀಯಮ್ಮ," ಎಂದರು ಚಾಚಿ. "ಇನ್ನ ಜೋರಾಗಿ ಎಳೆಯೋರು ಯಾರಿದಾರೆ?"